ಅಕ್ಕನ ಗುಳಿಗೆ ಒಲೆ ಮತ್ತು ನನ್ನ ರಿಪೇರಿ

ಕಳೆದ ತಿಂಗಳು ಕಮಲಾಪುರದಿಂದ ನನ್ನ ಅಕ್ಕನ ಮಗ ದೂರವಾಣಿ ಮಾಡಿದ್ದ. ಮನೆಗೆ ಸುಣ್ಣ ಬಣ್ಣ ಮಾಡಿಸುವ ಸಲುವಾಗಿ ಅಟ್ಟದ ಮೇಲಿನ ಸಾಮಾನುಗಳನ್ನೆಲ್ಲ ಕೆಳಗಿಳಿಸಿದ್ದನಂತೆ. ಸೋರುವ ಹಿತ್ತಾಳೆ ಕೊಡ, ಮುರಿದ ತೊಟ್ಟಿಲು, ತನ್ನ ಶಾಲೆಯ ದಿನಗಳ ತಗಡಿನ ಪೆಟ್ಟಿಗೆ, ಇವುಗಳ ನಡುವೆ ಮಸಿ ಹಿಡಿದ ಉಕ್ಕಿನ ಡಬ್ಬಿಯಂಥ ಒಂದು ಒಲೆಯೂ ಸಿಕ್ಕಿತಂತೆ. "ಮಾಮಾ, ನೀವು ತಂದ ಗುಳಗಿ ಒಲಿ ಇನ್ನಾ ಅದರಿ. ಗುಜರಿಗಿ ಹಾಕ್ಲೇನ್ರಿ?" ಎಂದು ಕೇಳಿದ. ನಾನು ಕೂಡಲೇ ಉತ್ತರ ಕೊಡಲಿಲ್ಲ. "ನಾಳೆ ಹೇಳುತ್ತೇನೆ" ಎಂದು ದೂರವಾಣಿ ಕೆಳಗಿಟ್ಟೆ. ಆ ಒಲೆಯ ಬೆಲೆ ಇಂದು ಗುಜರಿಯಲ್ಲಿ ನೂರು ರೂಪಾಯಿಯೂ ಆಗಲಾರದು. ಆದರೆ ಅದಕ್ಕೆ ನನ್ನದೊಂದು ತಪ್ಪು ಅಂಟಿಕೊಂಡಿದೆ. ಅದನ್ನು ತೂಕಕ್ಕೆ ಹಾಕಿ ಮಾರುವ ಮೊದಲು ಒಮ್ಮೆ ಬರೆದಿಡುವುದು ಒಳ್ಳೆಯದೆನಿಸಿತು.

ನನ್ನ ಕೈಯಲ್ಲಿ ಕಲಿತ ನಿಮ್ಮಲ್ಲಿ ಹಲವರು ಈಗ ಎಂಜಿನಿಯರುಗಳಾಗಿದ್ದೀರಿ, ಕೆಲವರು ವಿಜ್ಞಾನದ ಶಿಕ್ಷಕರೇ ಆಗಿದ್ದೀರಿ. ಬೆಂಕಿ ಉರಿಯಲು ಮೂರು ಬೇಕು, ಉರುವಲು, ಶಾಖ ಮತ್ತು ಗಾಳಿ ಎಂದು ಕರಿಹಲಗೆಯ ಮೇಲೆ ತ್ರಿಕೋನ ಬರೆದು ನಾನು ಪಾಠ ಮಾಡುತ್ತಿದ್ದುದು ನಿಮಗೆ ನೆನಪಿರಬಹುದು. ಉರಿಯುವ ಮೇಣದ ಬತ್ತಿಯ ಮೇಲೆ ಗಾಜಿನ ಲೋಟ ಮುಚ್ಚಿ ತೋರಿಸುತ್ತಿದ್ದೆ. ಬತ್ತಿ ಆರಿದೊಡನೆ ತರಗತಿಯೆಲ್ಲ "ಓ" ಎನ್ನುತ್ತಿತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಹೇಳಿದ ನಾನು, ನಿವೃತ್ತನಾದ ಮೇಲೆ ಒಂದು ಅಗ್ಗದ ಒಲೆಯ ಮುಂದೆ ಕುಳಿತು ಆ ತ್ರಿಕೋನದ ಮೂರನೆಯ ಬಾಹುವನ್ನೇ ಮರೆತೆ. ಅದರ ಫಲವನ್ನು ಅನುಭವಿಸಿದವಳು ನನ್ನ ಅಕ್ಕ.

ನಮ್ಮ ಊರಿನ ಹೆಸರು ಸರ್ಕಾರಿ ಕಾಗದಗಳಲ್ಲಿ ಇನ್ನೂ ಗುಲ್ಬರ್ಗ ಎಂದಿದ್ದ ಕಾಲವದು; ಕಲಬುರಗಿ ಎಂದಾದದ್ದು 2014ರ ನವೆಂಬರ್ 1ರಂದು. ಇಲ್ಲಿಂದ ಹುಮನಾಬಾದ್ ರಸ್ತೆ ಹಿಡಿದು ಸುಮಾರು 35 ಕಿಲೋಮೀಟರ್ ಹೋದರೆ ಕಮಲಾಪುರ. ಈಗ ಅದು ತಾಲೂಕು ಕೇಂದ್ರ. ಆಗ ಕೆಂಪು ಬಾಳೆಗೆ ಹೆಸರಾದ ಒಂದು ದೊಡ್ಡ ಊರು, ಅಷ್ಟೇ. ನನಗಿಂತ ನಾಲ್ಕು ವರ್ಷ ಹಿರಿಯಳಾದ ಅಕ್ಕನನ್ನು ಅಲ್ಲಿಗೆ ಕೊಟ್ಟಿತ್ತು. ಭಾವ ತೀರಿಕೊಂಡ ಮೇಲೂ ಅವಳು ಮಗನೊಂದಿಗೆ ಒಕ್ಕಲುತನ ಬಿಟ್ಟಿರಲಿಲ್ಲ. ನಮ್ಮ ಜಿಲ್ಲೆ ತೊಗರಿಯ ಕಣಜವೆಂದು ಎಲ್ಲರೂ ಬಲ್ಲರು. ಸುಗ್ಗಿ ಮುಗಿದ ಮೇಲೆ ಉಳಿಯುವ ತೊಗರಿ ಕಟ್ಟಿಗೆಯೇ ಇಲ್ಲಿನ ಒಲೆಗಳಿಗೆ ಉರುವಲು. ಅಕ್ಕನ ಹಿತ್ತಲಲ್ಲಿ ಆ ಕಟ್ಟಿಗೆಯ ಬಣವೆ ಆಳೆತ್ತರ ಇರುತ್ತಿತ್ತು. ಅದು ಬೇಗ ಹೊತ್ತಿಕೊಳ್ಳುತ್ತದೆ, ಬೇಗ ಉರಿದೂ ಹೋಗುತ್ತದೆ. ಹಾಗಾಗಿ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಕಟ್ಟಿಗೆ, ನಡುನಡುವೆ ಊದುಗೊಳವೆ. ಮಳೆಗಾಲದಲ್ಲಿ ಕಟ್ಟಿಗೆ ತೊಯ್ದರೆ ಅಡುಗೆ ಮನೆಯ ಜಂತಿಯೂ ಕಾಣದಷ್ಟು ಹೊಗೆ.

ಅಕ್ಕನ ಕೆಮ್ಮು ಯಾವಾಗ ಶುರುವಾಯಿತೆಂದು ಹೇಳುವುದು ಕಷ್ಟ. ಮೊದಲು ಬೆಳಗಿನ ಹೊತ್ತು ಇತ್ತು, ಆಮೇಲೆ ರಾತ್ರಿಯೂ ಬಂತು. 2009ರ ಸಂಕ್ರಾಂತಿಯ ಮರುವಾರ ಅವಳನ್ನು ಊರಿಗೆ ಕರೆತಂದು ವೈದ್ಯರಿಗೆ ತೋರಿಸಿದೆ. ಅವರು ಔಷಧ ಬರೆದುಕೊಟ್ಟು, "ಇದಕ್ಕಿಂತ ಮುಖ್ಯ, ಹೊಗೆಯಿಂದ ದೂರ ಇರಬೇಕು" ಎಂದರು. ಬಸ್ ನಿಲ್ದಾಣಕ್ಕೆ ಹೋಗುವಾಗ ಅಕ್ಕ ನಕ್ಕಳು. "ಹೊಗಿ ಬಿಟ್ಟು ದೂರ ಇರು ಅಂದ್ರ ರೊಟ್ಟಿ ಯಾರು ಬಡೀಬೇಕಪಾ?" ಆಗ ಅವರ ಮನೆಗೆ ಗ್ಯಾಸ್ ಬಂದಿರಲಿಲ್ಲ. ಒಲೆಯ ಹೊಗೆ ಎಷ್ಟು ದೊಡ್ಡ ರೋಗವೆಂಬುದು ನನಗೂ ಆಗ ಪೂರ್ತಿ ತಿಳಿದಿರಲಿಲ್ಲ. ಮನೆಯೊಳಗಿನ ಇಂಥ ಹೊಗೆಯಿಂದ 2020ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಹೊಗೆಯಿಲ್ಲದ ಒಲೆಯ ಹಂಬಲ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಆರಂಭವಾಗಿ, ಹಳ್ಳಿಗಳ ಉಪಯೋಗಕ್ಕೆಂದು ಹೊಗೆಕೊಳವೆಯುಳ್ಳ 'ಅಸ್ತ್ರ ಒಲೆ'ಯನ್ನು ರೂಪಿಸಿತು. ಮುಂದೆ ಅದೇ ಸಂಸ್ಥೆಯಲ್ಲಿ ಪ್ರೊ. ಎಚ್. ಎಸ್. ಮುಕುಂದ ಮತ್ತು ಅವರ ಸಂಗಡಿಗರು ಇನ್ನೊಂದು ದಾರಿ ಹಿಡಿದರು. ಕೃಷಿಯ ಕಸವನ್ನು ಯಂತ್ರದಲ್ಲಿ ಒತ್ತಿ, ಬೆರಳಿನ ತುದಿಯಷ್ಟು ಗಾತ್ರದ ಗುಳಿಗೆಗಳನ್ನಾಗಿ ಮಾಡಿ, ಪುಟ್ಟ ಫ್ಯಾನಿನಿಂದ ಗಾಳಿ ಕೊಟ್ಟು ಉರಿಸುವ ಒಲೆಯದು. ಬಿ.ಪಿ. ಎಂಬ ತೈಲ ಕಂಪನಿ ಅದನ್ನು 'ಊರ್ಜಾ' ಎಂಬ ಹೆಸರಿನಲ್ಲಿ 2006ರ ಸುಮಾರಿಗೆ ಮಾರುಕಟ್ಟೆಗೆ ತಂದಿತು. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳು ಸೇರಿ ಕೆಲವೇ ವರ್ಷಗಳಲ್ಲಿ ಸುಮಾರು 4 ಲಕ್ಷ ಒಲೆಗಳು ಮನೆಗಳನ್ನು ಸೇರಿದವು. ನಾನು ಕೊಂಡದ್ದು ಅದಲ್ಲ. ಅದೇ ತತ್ತ್ವದ ಮೇಲೆ ಬೇರೆ ಯಾರೋ ಮಾಡಿದ, ಇನ್ನೂ ಅಗ್ಗದ ಒಲೆ. ಪಿಂಚಣಿದಾರನ ಕಿಸೆ ಎಂಥದ್ದೆಂದು ನಿಮಗೆ ಗೊತ್ತೇ ಇದೆ. 2009ರ ಯುಗಾದಿಗೆ ಆ ಒಲೆಯನ್ನೂ ಎರಡು ಚೀಲ ಗುಳಿಗೆಗಳನ್ನೂ ಬಸ್ಸಿಗೆ ಹಾಕಿಕೊಂಡು ಕಮಲಾಪುರದಲ್ಲಿ ಇಳಿದೆ.

ಅಕ್ಕ ಗುಳಿಗೆಗಳನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ, "ಇದು ದನದ ಹಿಂಡಿ ಅಲ್ಲೇನು?" ಎಂದಳು. ಒಲೆಗೆ 'ಗುಳಗಿ ಒಲಿ' ಎಂದು ಹೆಸರಿಟ್ಟವಳೂ ಅವಳೇ. ನಾನು ನೆಲದ ಮೇಲೆ ಕುಳಿತು ಶಾಲೆಯ ಗತ್ತಿನಲ್ಲಿ ವಿವರಿಸಿದೆ. ಒಲೆಯೊಳಗೆ ಮಣ್ಣಿನ ಲೇಪದ ಒಂದು ಗೂಡು, ಅದರ ತಳದಲ್ಲಿ ಬೀಡಿನ ಜಾಲರಿ. ಪಕ್ಕದ ಪೆಟ್ಟಿಗೆಯಲ್ಲಿ ಬ್ಯಾಟರಿ ಮತ್ತು ಫ್ಯಾನು. ಫ್ಯಾನಿನ ಗಾಳಿ ಎರಡು ಪಾಲಾಗುತ್ತದೆ. ಒಂದು ಪಾಲು ಜಾಲರಿಯ ಕೆಳಗಿನಿಂದ ಗುಳಿಗೆಗಳ ನಡುವೆ ಹಾಯ್ದು ಬರುತ್ತದೆ. ಇನ್ನೊಂದು ಪಾಲು ಗೂಡಿನ ಬಾಯಿಯ ಹತ್ತಿರ ಸುತ್ತಲೂ ಇರುವ ಸಣ್ಣ ತೂತುಗಳಿಂದ ಹೊರಬೀಳುತ್ತದೆ. ಬೆಂಕಿಯನ್ನು ಕೆಳಗೆ ಹಚ್ಚುವುದಲ್ಲ, ಮೇಲೆ ಹಚ್ಚುವುದು. ಉರಿ ಮೇಲಿನಿಂದ ಕೆಳಕ್ಕೆ ಇಳಿಯುತ್ತ ಹೋದಂತೆ ಗುಳಿಗೆಗಳಿಂದ ಅನಿಲ ಬಿಡುಗಡೆಯಾಗುತ್ತದೆ. ನಾವು ಹೊಗೆ ಎಂದು ಕರೆಯುವುದು ಬಹುಮಟ್ಟಿಗೆ ಹೀಗೆ ಉರಿಯದೆ ಉಳಿದ ಅನಿಲ ಮತ್ತು ಮಸಿಯನ್ನೇ. ಈ ಒಲೆಯಲ್ಲಿ ಅದು ಬಾಯಿಯ ಬಳಿ ಎರಡನೆಯ ಗಾಳಿಯನ್ನು ಕೂಡಿ ಪೂರ್ತಿ ಉರಿದುಹೋಗುತ್ತದೆ. ಒಮ್ಮೆ ತುಂಬಿದ ಅರ್ಧ ಕಿಲೋಗಿಂತ ತುಸು ಹೆಚ್ಚು ಗುಳಿಗೆ ಸುಮಾರು ಒಂದು ತಾಸು ಉರಿಯುತ್ತದೆ. ನಡುವೆ ಮೇಲಿನಿಂದ ಏನನ್ನೂ ಹಾಕಬಾರದು. ಹಾಕಿದರೆ ಉರಿ ಮುಚ್ಚಿ ಹೊಗೆಯೇಳುತ್ತದೆ.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, ತಾನೇ ಹಚ್ಚಿದಳು. ಮೊದಲ ನಿಮಿಷ ತುಸು ಹೊಗೆಯಾಡಿ, ಆಮೇಲೆ ಉರಿ ಹೂವಿನಂತೆ ಅರಳಿ ನಿಂತಿತು. ಮೂರು ತಿಂಗಳು ಎಲ್ಲವೂ ಚೆನ್ನಾಗಿ ನಡೆಯಿತು. ವಿದ್ಯುತ್ತು ಇದ್ದಾಗ ಬ್ಯಾಟರಿಗೆ ಚಾರ್ಜು ಮಾಡಿಕೊಂಡು ಅವಳು ಎರಡೂ ಹೊತ್ತಿನ ರೊಟ್ಟಿಯನ್ನು ಅದರ ಮೇಲೆಯೇ ಮಾಡುತ್ತಿದ್ದಳು. ರಾತ್ರಿಯ ಕೆಮ್ಮು ಕಡಿಮೆಯಾಗಿದೆ ಎಂದು ಮಗ ಹೇಳಿದ. ನಾನು ಭೇಟಿಯಾದವರಿಗೆಲ್ಲ ಆ ಒಲೆಯ ಗುಣಗಾನ ಮಾಡುತ್ತಿದ್ದೆ.

ಶ್ರಾವಣದ ಮಳೆ ಹಿಡಿದ ಮೇಲೆ ದೂರು ಬಂತು. ಒಲೆ ಹೊಗೆಯಾಡುತ್ತದೆ, ಉರಿ ಏಳುವುದಿಲ್ಲ. ಹೋಗಿ ನೋಡಿದೆ. ಫ್ಯಾನು ತಿರುಗುತ್ತಿತ್ತು, ಆದರೆ ಗೂಡಿನಿಂದ ದಟ್ಟ ಹೊಗೆ. ಅಕ್ಕ ಹೇಳಿದಳು, "ಗುಳಗಿ ಉಬ್ಬ್ಯಾವ ನೋಡು ತಮ್ಮಾ." ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಏಕೆಂದರೆ ಆ ಹೊತ್ತಿಗೆ ಜಾಲರಿಯ ಮೇಲೆ ಅರ್ಧ ಸುಟ್ಟ ತೊಗರಿ ಕಟ್ಟಿಗೆಯ ಎರಡು ತುಂಡುಗಳು ನನ್ನ ಕಣ್ಣಿಗೆ ಬಿದ್ದಿದ್ದವು. "ನೀ ಇದ್ರಾಗ ಕಟಗಿ ತುರುಕಿದಿ. ಅದಕ್ಕ ಕೆಟ್ಟದ" ಎಂದು ಗದರಿದೆ. ಬೀಗರು ಬಂದ ದಿನ ಕೊನೆಯ ನಾಲ್ಕು ರೊಟ್ಟಿಗೆ ಉರಿ ಸಾಲದೆ ಒಂದೇ ಸಲ ಹಾಕಿದ್ದಾಗಿ ಅವಳು ಹೇಳಿದಳು. ತರಗತಿಯಲ್ಲಿ ತಪ್ಪೊಪ್ಪಿಕೊಂಡ ಹುಡುಗನ ಮುಂದೆ ಶಿಕ್ಷಕನಿಗೆ ಎಂಥ ಸಮಾಧಾನವಾಗುತ್ತದೆಯೋ ಅಂಥ ಸಮಾಧಾನ ನನಗಾಯಿತು. ಕಾರಣ ಸಿಕ್ಕಿತೆಂದು ಹುಡುಕುವುದನ್ನೇ ನಿಲ್ಲಿಸಿದೆ.

ಆದರೂ ರಿಪೇರಿ ಮಾಡಿಕೊಡುವ ಹುಮ್ಮಸ್ಸು. ಒಲೆಯನ್ನು ಕಲಬುರಗಿಗೆ ತಂದು, ಪಡಸಾಲೆಯಲ್ಲಿ ಹಳೆಯ ಪತ್ರಿಕೆ ಹಾಸಿ, ಫ್ಯಾನಿನ ಪೆಟ್ಟಿಗೆಯನ್ನು ಬಿಚ್ಚಿದೆ. ಬ್ಯಾಟರಿಯ ತುದಿಗಳಿಗೆ ಹಸಿರು ಕಿಲುಬು ಹಿಡಿದಿತ್ತು, ಉಜ್ಜಿ ತೆಗೆದೆ. ಮೋಟರಿನ ಒಂದು ತಂತಿ ಸಡಿಲವಾದಂತೆ ಕಂಡು ಎಳೆದು ನೋಡಿದೆ. ಅದು ಕೈಗೇ ಬಂತು. ಅದರ ಜೊತೆಗಾರನನ್ನೂ ಬಿಡಿಸಿ, ಎರಡನ್ನೂ ಹೊಸದಾಗಿ ಸೋಲ್ಡರ್ ಹಾಕಿ ಕೂಡಿಸಿದೆ. ಎರಡೂ ತಂತಿಗಳು ಮಸಿಯಿಂದ ಒಂದೇ ಬಣ್ಣವಾಗಿದ್ದವು. ಗುಂಡಿ ತಿರುಗಿಸಿದೊಡನೆ ಫ್ಯಾನು ಗುಂಯ್‌ ಎಂದು ಜೋರಾಗಿ ತಿರುಗಿತು. ನಮ್ಮ ಮನೆಯಲ್ಲಿ ಗ್ಯಾಸ್ ಇದ್ದುದರಿಂದ ಗುಳಿಗೆಗಳಿರಲಿಲ್ಲ. ಹಾಗಾಗಿ ಬೆಂಕಿ ಹಚ್ಚಿ ನೋಡಲಿಲ್ಲ. ಫ್ಯಾನು ತಿರುಗಿತಲ್ಲ, ಇನ್ನೇನು ಬೇಕು ಎಂದುಕೊಂಡೆ. ಮರುದಿನ ಒಲೆಯನ್ನು ಕಮಲಾಪುರಕ್ಕೆ ಮುಟ್ಟಿಸಿ, ಚಹಾ ಕುಡಿದು, ಸಂಜೆಯ ಬಸ್ಸಿಗೆ ಹಿಂದಿರುಗಿದೆ.

ಎರಡು ದಿನಗಳ ಮೇಲೆ ಅಕ್ಕನ ದೂರವಾಣಿ. "ತಮ್ಮಾ, ಮೊದಲಿನಕಿಂತ ಜಾಸ್ತಿ ಹೊಗಿ ಬರಲತ್ತದ. ಡಬ್ಬಿ ಕಡಿಂದ ನನ್ನ ಕಾಲಿಗಿ ಬಿಸಿ ಗಾಳಿ ಹತ್ತಲತ್ತದ. ಮೊದಲ ಹಂಗ ಇರಲಿಲ್ಲ."

ನಾನು ಏನು ಹೇಳಿದೆನೆಂದು ಇಂದಿಗೂ ನನಗೆ ನೆನಪಿದೆ. "ಒಲಿ ಅಂದ ಮ್ಯಾಲ ಬಿಸಿ ಇರದ ತಣ್ಣಗ ಇರ್ತದೇನ? ನಾ ಹೇಳಿದಂಗ ಮಾಡು, ಕಟಗಿ ಹಾಕಬ್ಯಾಡ" ಎಂದೆ. ಅವಳು "ಆಯ್ತಪಾ" ಎಂದಳು. ಆಮೇಲೆ ಆ ಒಲೆಯ ವಿಷಯ ಎತ್ತಲಿಲ್ಲ. ದೂರು ಬರಲಿಲ್ಲವಾದ್ದರಿಂದ ಒಲೆ ಸರಿಯಾಗಿದೆ ಎಂದು ನಾನು ನಂಬಿದೆ.

ದೀಪಾವಳಿಗೆ ಕಮಲಾಪುರಕ್ಕೆ ಹೋದಾಗ ನಡುಮನೆಗೇ ಹೊಗೆಯ ವಾಸನೆ ಬಂತು. ಅಕ್ಕ ಹಳೆಯ ಮಣ್ಣಿನ ಒಲೆಯ ಮುಂದೆ ಊದುಗೊಳವೆ ಹಿಡಿದು ಕುಳಿತಿದ್ದಳು. ಊದಲು ಉಸಿರೆಳೆದುಕೊಂಡಾಗಲೆಲ್ಲ ಕೆಮ್ಮು ಬರುತ್ತಿತ್ತು. ಕೆಮ್ಮು ನಿಲ್ಲುವ ತನಕ ರೊಟ್ಟಿ ಹಂಚಿನ ಮೇಲೆ ಕಪ್ಪಾಗುತ್ತಿತ್ತು. ಗುಳಿಗೆ ಒಲೆ ಮೂಲೆಯಲ್ಲಿ ಹಳೆಯ ಸೀರೆಯ ತುಂಡು ಹೊದ್ದು ಕುಳಿತಿತ್ತು. ಎರಡೂವರೆ ತಿಂಗಳಿಂದ ಹೀಗೇ ನಡೆದಿದೆ ಎಂದು ತಿಳಿಯಿತು. "ನನಗ ಯಾಕ ಹೇಳಲಿಲ್ಲ?" ಎಂದು ಕೇಳಿದೆ. ಅವಳು ನನ್ನ ಕಡೆ ತಿರುಗದೆ, ಹಿಟ್ಟು ನಾದುತ್ತಲೇ ಅಂದಳು, "ಹೇಳಿದ್ನಲ್ಲ. ನಿನ್ನ ಬೈಗುಳಕಿಂತ ಈ ಹೊಗಿನೇ ಚಲೋ ಅನಿಸ್ತು."

ಅವಳು ಸಿಟ್ಟಿನಿಂದ ಆ ಮಾತು ಆಡಲಿಲ್ಲ. ಸಿಟ್ಟಿನಿಂದ ಆಡಿದ್ದರೆ ನಾನು ವಾದಿಸಬಹುದಿತ್ತು. ಆ ದಿನದ ಹೋಳಿಗೆ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಫ್ಯಾನಿನ ಪೆಟ್ಟಿಗೆಯನ್ನಷ್ಟೇ ಕಳಚಿಕೊಂಡು ಊರಿಗೆ ಬಂದೆ. ಸೂಪರ್ ಮಾರ್ಕೆಟ್ ಹತ್ತಿರದ ಒಂದು ಗಲ್ಲಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮೋಟರ್ ರಿಪೇರಿ ಅಂಗಡಿಯಿತ್ತು. ಪಂಪುಗಳಿಗೆ, ಮಿಕ್ಸರುಗಳಿಗೆ ತಂತಿ ಸುತ್ತುವ ಕೆಲಸ. ಅವನು ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ಫ್ಯಾನು ತಿರುಗಿಸಿ ನೋಡಿದ. "ಮೋಟರ್ ಚಲೋ ಅದರಿ ಸರ್. ಈ ಒಲಿ ಮುಂದ ದಿನಾ ಕೂಡೋರು ಯಾರ್ರಿ? ಅವ್ರು ಏನಂತಾರ?" ಎಂದು ಕೇಳಿದ.

"ನಮ್ಮ ಅಕ್ಕ. ಅವಳಿಗೇನು ತಿಳಿಯುತ್ತದೆ?" ಎಂದೆ.

ಅವನು ಮೆಲ್ಲಗೆ ನಕ್ಕ. "ಹಂಗಲ್ರಿ ಸರ್. ಪಂಪಿನ ಮೋಟರ್ ಬಂದ್ರ ನಾ ಮೊದಲ ರೈತರನ್ನೇ ಕೇಳ್ತೀನ್ರಿ, ನೀರು ನಿಂತ ದಿನ ಸಪ್ಪಳ ಹೆಂಗಿತ್ತು ಅಂತ. ಅರ್ಧ ರಿಪೇರಿ ಅಲ್ಲೇ ಆಗ್ತದರಿ."

ಆಗ ನೆನಪಾಯಿತು, ಕಾಲಿಗೆ ತಗಲುತ್ತಿದ್ದ ಬಿಸಿ ಗಾಳಿ. ಆ ಮಾತನ್ನು ಹಾಗೆಯೇ ಅವನಿಗೆ ಹೇಳಿದೆ. ಅವನು ತಟ್ಟನೆ ತಲೆಯೆತ್ತಿದ. ಗೋಡೆಯ ಮೇಲಿನ ದೇವರ ಪಟದ ಮುಂದೆ ಉರಿಯುತ್ತಿದ್ದ ಊದುಬತ್ತಿಯನ್ನು ತಂದು, ಫ್ಯಾನು ಗಾಳಿಯನ್ನು ಒಳಗೆ ಎಳೆದುಕೊಳ್ಳಬೇಕಾದ ಕಿಂಡಿಯ ಮುಂದೆ ಹಿಡಿದ. ಹೊಗೆಯ ಎಳೆ ಒಳಗೆ ಹೋಗಬೇಕಿತ್ತು. ಅದು ನಮ್ಮಿಬ್ಬರ ಮುಖದ ಕಡೆಗೆ ಬಂತು. ಫ್ಯಾನು ಹಿಂದುಮುಂದಾಗಿ ತಿರುಗುತ್ತಿತ್ತು! ಬ್ಯಾಟರಿಯಿಂದ ನಡೆಯುವ ಇಂಥ ಪುಟ್ಟ ಮೋಟರಿನ ಎರಡು ತಂತಿಗಳನ್ನು ಅದಲು ಬದಲು ಮಾಡಿದರೆ ಅದು ಉಲ್ಟಾ ತಿರುಗುತ್ತದೆ. ಎಡಗೈಯ ಮೂರು ಬೆರಳು ಚಾಚಿ ಫ್ಲೆಮಿಂಗನ ನಿಯಮವನ್ನು ನಿಮಗೆಲ್ಲ ಬಾಯಿಪಾಠ ಮಾಡಿಸಿದ ಮಹಾನುಭಾವ ನಾನೇ. ಆ ತಂತಿಗಳನ್ನು ತಿರುವುಮುರುವಾಗಿ ಜೋಡಿಸಿದವನೂ ನಾನೇ. ನನ್ನ ರಿಪೇರಿಯ ನಂತರ ಒಲೆ ಉಸಿರನ್ನು ಎಳೆದುಕೊಳ್ಳುವ ಬದಲು ಹೊರಗೆ ದೂಡುತ್ತಿತ್ತು. ಗೂಡಿನ ಬಿಸಿ ಗಾಳಿ ಪೆಟ್ಟಿಗೆಯ ಮೂಲಕ ಅಕ್ಕನ ಪಾದಕ್ಕೆ ಬಡಿಯುತ್ತಿತ್ತು. ಅವಳು ಅಡುಗೆ ಮನೆಯಲ್ಲಿ ಕುಳಿತು ರೋಗವನ್ನು ಸರಿಯಾಗಿ ಹೇಳಿದ್ದಳು. ಅವಳ ಬಳಿ ಇಲ್ಲದ್ದು ನನ್ನ ಪಠ್ಯಪುಸ್ತಕದ ಶಬ್ದಗಳು ಮಾತ್ರ.

ಆ ಹುಡುಗ ತಂತಿ ಬದಲಿಸಿ ಕೊಟ್ಟ. ಹಣ ತೆಗೆದುಕೊಳ್ಳಲಿಲ್ಲ. ಹುಡುಗ ಎನ್ನುತ್ತಿದ್ದೇನೆ, ಆಗಲೇ ಅವನ ಮೀಸೆ ನರೆತಿತ್ತು.

ಮರುದಿನವೇ ಕಮಲಾಪುರಕ್ಕೆ ಹೋದೆ. ಈ ಸಲ ಒಲೆಯನ್ನು ನಾನು ಮುಟ್ಟುವ ಮೊದಲು ಅಕ್ಕನನ್ನು ಎದುರಿಗೆ ಕೂಡಿಸಿಕೊಂಡು, "ಮೊದಲ ದಿನದಿಂದ ಏನೇನಾತು, ಹೇಳು" ಎಂದೆ. ಅವಳಿಗೆ ಆಶ್ಚರ್ಯವಾದರೂ ಹೇಳಿದಳು. ಮಳೆ ಹಿಡಿದ ಮೇಲೆ ಗುಳಿಗೆಗಳು ಉಬ್ಬಿದವು. ಮೊದಲಿನವನ್ನು ಮುರಿದರೆ ಕಟ್ ಎನ್ನುತ್ತಿದ್ದವು. ಆಮೇಲಿನವು ಸಪ್ಪಳವಿಲ್ಲದೆ ಪುಡಿಯಾಗುತ್ತಿದ್ದವು. ಒಳಗೆ ತೌಡಿನಂತೆ ಪುಡಿ ಕೂಡುತ್ತಿತ್ತು. ಚೀಲವನ್ನು ತೋರಿಸಿದಳು. ಅದು ಬಚ್ಚಲಿನ ಗೋಡೆಗೆ ಒರಗಿ, ಬರಿ ನೆಲದ ಮೇಲಿತ್ತು. ಅಲ್ಲಿ ಇಟ್ಟವರಾರು? ಯುಗಾದಿಯ ದಿನ ಬೆನ್ನ ಮೇಲೆ ಹೊತ್ತು ತಂದು ಅಲ್ಲಿ ಇಳಿಸಿದವನು ನಾನು. ಆಗ ಬೇಸಿಗೆ, ಗೋಡೆ ಒಣಗಿತ್ತು. "ಮಾಸ್ತರು ಇಟ್ಟ ಜಾಗ" ಎಂದು ಅವರು ಅದನ್ನು ಸರಿಸಿರಲಿಲ್ಲ.

ಗುಳಿಗೆಯನ್ನು ಕೂಡಿಸುವುದು ಅಂಟಲ್ಲ. ಒತ್ತಡದ ಬಿಸಿಗೆ ಕಸದೊಳಗಿನ ಲಿಗ್ನಿನ್ ಎಂಬ ಪದಾರ್ಥ ಮೆತ್ತಗಾಗಿ, ತಣಿದಾಗ ಬಿಗಿಯುತ್ತದೆ. ತೇವ ತಗುಲಿದರೆ ಗುಳಿಗೆ ಉಬ್ಬಿ ಮತ್ತೆ ಕಸವೇ ಆಗುತ್ತದೆ. ಆ ಪುಡಿ ಜಾಲರಿಯ ಕಂಡಿಗಳನ್ನು ಮುಚ್ಚಿ ಗಾಳಿಯ ದಾರಿಯನ್ನು ಕಟ್ಟುತ್ತದೆ. ಮಕ್ಕಳೇ, ಇಲ್ಲೊಂದು ಲೆಕ್ಕ ಹೇಳುತ್ತೇನೆ. ಒಂದು ಕಿಲೋ ಒಣ ಕಟ್ಟಿಗೆ ಪೂರ್ತಿ ಉರಿಯಲು ಸುಮಾರು 6 ಕಿಲೋ ಗಾಳಿ ಬೇಕು. ಅಂದರೆ ಸುಮಾರು 5 ಘನ ಮೀಟರು. ಒಲೆ ತಿನ್ನುವುದು ಉರುವಲಿಗಿಂತ ಹೆಚ್ಚಾಗಿ ಗಾಳಿಯನ್ನೇ. ಉರುವಲು ಕಣ್ಣಿಗೆ ಕಾಣುತ್ತದೆ, ದುಡ್ಡು ಕೊಟ್ಟು ತರುತ್ತೇವೆ, ಹಾಗಾಗಿ ಅದರದೇ ಚಿಂತೆ. ಗಾಳಿ ಕಾಣುವುದಿಲ್ಲ, ಹಾಗಾಗಿ ಅದನ್ನು ಕೇಳುವವರಿಲ್ಲ.

ನಾನು ಜಾಲರಿ ತೆಗೆದು ಸೈಕಲ್ಲಿನ ಕಡ್ಡಿಯಿಂದ ಅದರ ಕಂಡಿಗಳನ್ನು ಒಂದೊಂದಾಗಿ ಬಿಡಿಸಿದೆ. ಕರಗಿ ಗಟ್ಟಿಯಾದ ಬೂದಿ ಕಿಟ್ಟದಂತೆ ಹತ್ತಿತ್ತು, ಕೆರೆದು ತೆಗೆದೆ. ಬಾಯಿಯ ಸುತ್ತಲಿನ ತೂತುಗಳಲ್ಲಿ ಉಕ್ಕಿದ ಬೇಳೆಕಟ್ಟು ಸುಟ್ಟು ಕೂತಿತ್ತು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅಕ್ಕ ಅದನ್ನು ಉಜ್ಜಿದಳು. ಒಲೆಯನ್ನು ಬೋರಲು ಹಾಕಿ ತಟ್ಟಿದಾಗ ತಳದಿಂದ ಎರಡು ಬೊಗಸೆ ಪುಡಿ ಬಿತ್ತು. ಚೀಲದ ನಡುಭಾಗದ ಗುಳಿಗೆಗಳು ಇನ್ನೂ ಗಟ್ಟಿಯಾಗಿದ್ದವು. ಅಕ್ಕ ಜೋಳ ಹಸನು ಮಾಡುವಂತೆ ಅವುಗಳನ್ನು ಜರಡಿ ಹಿಡಿದು ಬೇರೆ ಮಾಡಿದಳು. ಅವನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ತುಂಬಿ, ಹಲಗೆಯ ಮೇಲೆ ಇಟ್ಟೆವು. ಫ್ಯಾನು ಜೋಡಿಸಿ ಕಿಂಡಿಯ ಮುಂದೆ ಊದುಬತ್ತಿ ಹಿಡಿದೆ. ಹೊಗೆಯ ಎಳೆ ಬಾಗಿ, ದಾರ ಸೂಜಿಗೆ ಹೋಗುವಂತೆ ಒಳಗೆ ಹೋಯಿತು. "ಈಗ ಉಸಿರು ತಗೊಳ್ಳಲತ್ತದ" ಎಂದಳು ಅಕ್ಕ.

ಮೇಲೆ ನಾಲ್ಕು ಹನಿ ಸೀಮೆಎಣ್ಣೆ ಹಾಕಿ ಹಚ್ಚಿದಳು. ಹೊಗೆ ಬಂತು, ತೆಳುವಾಯಿತು, ನಿಂತಿತು. ಉರಿ ಎದ್ದಿತು. ಅವಳು ಹಂಚು ಇಟ್ಟಳು. ಮೊದಲ ರೊಟ್ಟಿ ಉಬ್ಬಿತು. ಅದನ್ನು ನನ್ನ ತಟ್ಟೆಗೆ ಹಾಕಿ, ಪುಂಡಿ ಪಲ್ಯ ಬಡಿಸಿದಳು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಏನೇನು ಹೇಳಬೇಕೆಂದು ಯೋಚಿಸಿಕೊಂಡಿದ್ದೆನೋ ಅದೆಲ್ಲ ಮರೆತುಹೋಯಿತು. "ಅಕ್ಕಾ, ತಪ್ಪು ನಂದು" ಎಂದಷ್ಟೇ ಹೇಳಿದೆ.

"ಅದು ನನಗ ಆವತ್ತೇ ಗೊತ್ತಿತ್ತು. ರೊಟ್ಟಿ ತಿನ್ನು, ಆರ್ತದ" ಎಂದಳು.

ಆ ಒಲೆ ಆಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ನಡುವೆ ಒಮ್ಮೆ ಬ್ಯಾಟರಿ ಬದಲಿಸಿದೆವು. ಕೊನೆಗೆ ಅದನ್ನು ನಿಲ್ಲಿಸಿದ್ದು ಯಂತ್ರದ ದೋಷವಲ್ಲ, ಗುಳಿಗೆಯ ಅಭಾವ. ಕೃಷಿಯ ಕಸಕ್ಕೆ ಬೇರೆ ಬೇರೆ ಕಾರ್ಖಾನೆಗಳಿಂದ ಬೇಡಿಕೆ ಬಂದು ಅದರ ಬೆಲೆ ಏರಿತು. ಗುಳಿಗೆಯ ಬೆಲೆಯೂ ಏರಿತು. ಊರ್ಜಾ ಒಲೆಯ ವ್ಯಾಪಾರವೂ ಇದೇ ಕಾರಣದಿಂದ ಮನೆಗಳನ್ನು ಬಿಟ್ಟು ಹೋಟೆಲುಗಳ ಕಡೆ ತಿರುಗಿತು. ತೊಗರಿ ಕಟ್ಟಿಗೆ ಹಿತ್ತಲಲ್ಲಿ ಪುಕ್ಕಟೆ ಬಿದ್ದಿರುವಾಗ, ತಿಂಗಳು ತಿಂಗಳೂ ರೊಕ್ಕ ಕೊಟ್ಟು ಗುಳಿಗೆ ತರಲು ಹಳ್ಳಿಯ ಮನೆಗೆ ಎಷ್ಟು ದಿನ ಸಾಧ್ಯ? ವಿಜ್ಞಾನಿಗಳು ಒಲೆಯನ್ನು ಚೆನ್ನಾಗಿಯೇ ಮಾಡಿದ್ದರು. ಆದರೆ ಒಲೆಗೆ ಗಾಳಿ ಹೇಗೋ ಹಾಗೆ, ಉರುವಲೂ ತಪ್ಪದೆ ಬರುತ್ತಿರಬೇಕು. 2013ರಲ್ಲಿ ಅಕ್ಕನ ಮನೆಗೆ ಗ್ಯಾಸ್ ಬಂತು. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಅವಳ ಓಣಿಯ ಇನ್ನೂ ಕೆಲವು ಮನೆಗಳಿಗೆ ಬಂತು. ಆದರೂ ಸ್ನಾನದ ನೀರಿಗೆ ಇವತ್ತಿಗೂ ತೊಗರಿ ಕಟ್ಟಿಗೆಯೇ. ಅಕ್ಕನ ಕೆಮ್ಮು ಪೂರ್ತಿ ಹೋಗಲಿಲ್ಲ. ಆ ಎರಡೂವರೆ ತಿಂಗಳ ಹೊಗೆ ಅದರಲ್ಲಿ ಎಷ್ಟು ಪಾಲು ಎಂಬ ಲೆಕ್ಕ ಯಾವ ಪುಸ್ತಕದಲ್ಲಿಯೂ ಇಲ್ಲ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ, ತೋಟದಲ್ಲಾದರೂ ಇಂಥ ಒಲೆ ಇದ್ದರೆ ಮುದುಕನ ನಾಲ್ಕು ಮಾತು ನೆನಪಿಡಿ. ಗುಳಿಗೆಯನ್ನು ನೆಲಕ್ಕೆ, ಗೋಡೆಗೆ ತಾಗದಂತೆ, ಮುಚ್ಚಳ ಹಾಕಿ ಇಡಿ. ಮುರಿದಾಗ ಸಪ್ಪಳ ಬಾರದ ಗುಳಿಗೆಯನ್ನು ಒಲೆಗೆ ಹಾಕಬೇಡಿ. ಪ್ರತಿ ಸಲ ಒಲೆ ತಣಿದ ಮೇಲೆ ಬೂದಿ ತೆಗೆಯಿರಿ, ವಾರಕ್ಕೊಮ್ಮೆ ತೂತುಗಳನ್ನು ಬಿಡಿಸಿ. ತಂತಿ ಬಿಚ್ಚುವ ಮೊದಲು ಯಾವುದು ಎಲ್ಲಿಗೆಂದು ಗುರುತು ಮಾಡಿಕೊಳ್ಳಿ. ಜೋಡಿಸಿದ ಮೇಲೆ, ಬೆಂಕಿ ಹಚ್ಚುವ ಮೊದಲು, ಒಂದು ಊದುಬತ್ತಿ ಹಿಡಿದು ನೋಡಿ. ಹೊಗೆ ಕಾಣದಿದ್ದರೂ ಕಿಟಕಿ ತೆರೆದಿಡಿ. ಕೊನೆಯಲ್ಲಿ ಕೆಂಡವಾಗಿ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇವೆಲ್ಲಕ್ಕಿಂತ ಮೊದಲು, ಆ ಒಲೆಯ ಮುಂದೆ ದಿನವೂ ಕೂಡುವವರನ್ನು ಕೇಳಿ. ಕೇಳಿದ ಮೇಲೆ ನಡುವೆ ಬಾಯಿ ಹಾಕಬೇಡಿ.

ಮರುದಿನ ಅಳಿಯನಿಗೆ ದೂರವಾಣಿ ಮಾಡಿ, "ನನ್ನನ್ನೇನು ಕೇಳುತ್ತೀ, ನಿಮ್ಮ ಅವ್ವನನ್ನು ಕೇಳು. ಅವಳು ಗುಜರಿಗೆ ಹಾಕು ಅಂದರೆ ಹಾಕು" ಎಂದೆ. ಅವನು ಅಲ್ಲಿಂದಲೇ ಕೂಗಿ ಕೇಳಿದ. ಅಕ್ಕ ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಅವನು ನಗುತ್ತ ನನಗೆ ದಾಟಿಸಿದ.

"ಅವ್ವ ಬ್ಯಾಡ ಅಂತಾಳ್ರಿ ಮಾಮಾ. ತಮ್ಮ ಬಂದಾಗ ಅವಗ ಬಿಚ್ಚಲಾಕ ಏನರ ಬೇಕಲ್ಲ, ಇರ್ಲಿ ಬಿಡು ಅಂದ್ಳು."